ಹೊಸ್ತಿಲ ಮೇಲಿನ ಕೆಂಪು ಬಟ್ಟೆ

ದರ್ಜಿಯಮ್ಮನ ಮಗಳಿಗೆ ಇಪ್ಪತ್ತಾರು ತುಂಬಿತ್ತು. ಚಪ್ಪಲಿಯ ಬಕಲ್ ಹಾಕುತ್ತಿದ್ದವಳು ಮಾತ್ರ ಇನ್ನೂ ಅಮ್ಮನೇ. ಜಡೆ ಹೆಣೆಯುವುದು, ನೀರು ಬಗ್ಗಿಸಿ ಕೊಡುವುದು, ಯಾರಾದರೂ ಹೆಸರು ಕೇಳಿದರೆ ಉತ್ತರ ಹೇಳುವುದು, ಎಲ್ಲವೂ ಅಮ್ಮನದೇ. ಮಗಳ ಬುದ್ಧಿಯ ಬೆಳವಣಿಗೆ ನಿಧಾನ. ಬೀದಿಗೆಲ್ಲ ಅವಳು ‘ಮರಿ’.

ಎಂಟು ವರ್ಷಗಳ ಹಿಂದೆ, ಮರಿಯ ವಿಶೇಷ ಶಾಲೆ ಮುಗಿದಾಗ, ಅಲ್ಲಿನ ಟೀಚರಮ್ಮ ಮನೆಗೆ ಬಂದಿದ್ದರು. ಬೀಗ ತೆಗೆಯುವುದು, ಫೋನ್ ಮಾಡುವುದು, ರಸ್ತೆ ದಾಟುವುದು ಒಂದೊಂದಾಗಿ ಕಲಿಸೋಣ, ಆಮೇಲೆ ಕೆಲಸದ ತರಬೇತಿಗೆ ಸೇರಿಸೋಣ ಎಂದಿದ್ದರು. ದರ್ಜಿಯಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಅವಳಿಗ್ಯಾಕೆ ಆ ಕಷ್ಟ? ನಾನು ಗುಂಡುಕಲ್ಲಿನ ಹಾಗೆ ಇದ್ದೀನಲ್ಲ."

"ಗುಂಡುಕಲ್ಲೂ ಸವೆಯುತ್ತೆ ಕಣಮ್ಮ."

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು.

ಅಮ್ಮ ಮಗಳಿಗೆ ಕಲಿಸಿದ್ದು ಒಂದೇ ಪಾಠ. ಹೊಸ್ತಿಲ ಮೇಲೆ ಕೆಂಪು ಬಟ್ಟೆಯ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿ, ನಾನಿಲ್ಲದೆ ಇದನ್ನು ದಾಟಬೇಡ ಎಂದು ದಿನವೂ ಹೇಳಿಕೊಟ್ಟಳು. ಮರಿ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಬಾಗಿಲು ತೆರೆದಿಟ್ಟು ಒಳಗೆ ಕೆಲಸ ಮಾಡಿದರೂ ಅಮ್ಮನಿಗೆ ಭಯವಿರಲಿಲ್ಲ.

ಒಂದು ಬೆಳಿಗ್ಗೆ ದರ್ಜಿಯಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಎದುರುಮನೆ ಅಕ್ಕನನ್ನು ಕರೆದುಕೊಂಡು ಬಾ ಎಂದು ಕೂಗಿದಳು. ಮರಿ ಓಡಿದ ಸದ್ದು ಕೇಳಿಸಿತು, ಆಮೇಲೆ ಏನೂ ಇಲ್ಲ. ಬಿದ್ದಲ್ಲಿಂದಲೇ ಕತ್ತು ಹೊರಳಿಸಿದರೆ ಕಂಡದ್ದು ಕೆಂಪು ಬಟ್ಟೆಯ ಈಚೆಗೆ ನಿಂತ ಎರಡು ಪಾದ.

"ದಾಟು, ಮರಿ. ಹೋಗು."

"ನೀನೂ ಬಾ. ನೀನಿಲ್ದೆ ದಾಟಬಾರ್ದು."

ಬೇಡಿದಳು, ಗದರಿದಳು, ಅತ್ತಳು. ಮರಿಯೂ ಅತ್ತಳು, ಆದರೆ ಕಾಲು ಎತ್ತಲಿಲ್ಲ. ಮಧ್ಯಾಹ್ನ ರವಿಕೆ ಒಯ್ಯಲು ಬಂದ ಗಿರಾಕಿಯೊಬ್ಬಳು ನೋಡುವವರೆಗೆ ಇಬ್ಬರೂ ಇದ್ದಲ್ಲೇ ಇದ್ದರು.

ಆಸ್ಪತ್ರೆಯ ಮಂಚದ ಪಕ್ಕ ಟೀಚರಮ್ಮ ಕೂತಾಗ ದರ್ಜಿಯಮ್ಮ ಗೋಡೆ ಕಡೆ ಮುಖ ತಿರುಗಿಸಿದಳು. ಅಮ್ಮನನ್ನು ಹೊತ್ತು ತಂದಾಗ ಜೊತೆಗೇ ಹೊಸ್ತಿಲು ದಾಟಿದ್ದ ಮರಿ ಆಗ ಎದುರುಮನೆಯಲ್ಲಿ, ಯಾರಾದರೂ ಚಪ್ಪಲಿ ಹಾಕಲೆಂದು ಕಾಯುತ್ತಿದ್ದಳಂತೆ. ಟೀಚರಮ್ಮ ಬೈಯಲಿಲ್ಲ.

"ಆ ಬಟ್ಟೆ ದಾಟಬಾರದು ಅಂತ ಕಲಿಸೋಕೆ ಎಷ್ಟು ದಿನ ಹಿಡೀತು?"

"ಒಂದು ತಿಂಗಳು."

"ಕಲಿತಳಲ್ಲ. ದಾಟೋದನ್ನೂ ಕಲೀತಾಳೆ."

"ಎಂಟು ವರ್ಷ ಹೋಯ್ತಲ್ಲ ಟೀಚರಮ್ಮ."

"ಹೋಯ್ತು," ಎಂದರು ಟೀಚರಮ್ಮ.

ಮನೆಗೆ ಬಂದ ದರ್ಜಿಯಮ್ಮ ಊರುಗೋಲು ಹಿಡಿದೇ ಬಗ್ಗಿ, ತನ್ನದೇ ಕತ್ತರಿಯಿಂದ ಕೆಂಪು ಬಟ್ಟೆಯನ್ನು ಕಿತ್ತಳು. ಬಟ್ಟೆ ಹೋದರೂ ಮರಿಯ ಕಾಲು ಅಲ್ಲೇ ನಿಲ್ಲುತ್ತಿತ್ತು. ಟೀಚರಮ್ಮ ದಿನಕ್ಕೊಂದು ಹೆಜ್ಜೆ ಮುಂದಕ್ಕೆ ಕರೆದರು. ಹನ್ನೆರಡನೇ ದಿನ ಮರಿ ಒಬ್ಬಳೇ ಎದುರುಮನೆಗೆ ಹೋಗಿ ಬಂದಳು. ಮುಂದಿನ ವರ್ಷ ತರಬೇತಿ ಕೇಂದ್ರಕ್ಕೆ ಹೊರಟಳು, ಕೊರಳಲ್ಲಿ ಮನೆಯ ಕೀಲಿಕೈ, ಕಾಲಲ್ಲಿ ತಾನೇ ಹಾಕಿಕೊಂಡ ಚಪ್ಪಲಿ. ಎಡಬಲ ಅದಲುಬದಲಾಗಿತ್ತು. ಸರಿಪಡಿಸಲು ಚಾಚಿದ ಕೈಯನ್ನು ಅಮ್ಮ ಹಿಂದಕ್ಕೆಳೆದುಕೊಂಡಳು.

ಒಂದು ಸಂಜೆ ಮರಿ, ಕೇಂದ್ರದಲ್ಲಿ ತಾನೇ ಗುಂಡಿ ಹೊಲಿದ ಅಂಗಿಯೊಂದನ್ನು ತಂದು ಅಮ್ಮನ ಮಡಿಲಿಗೆ ಹಾಕಿದಳು. ಐದು ಗುಂಡಿಗಳು, ಬಿಗಿಯಾದ ಹೊಲಿಗೆ. ಮೂವತ್ತು ವರ್ಷ ಹೊಲಿದ ಕೈ ಅದನ್ನು ಎಳೆದು ನೋಡಿತು. ಒಂದೂ ಸಡಿಲವಿರಲಿಲ್ಲ.

"ಇಷ್ಟು ದಿನ ಯಾಕೆ ಹೊಲೀಲಿಲ್ಲ ಮರಿ?" ಎಂದು ಅಮ್ಮ ಬಾಯಿ ತಪ್ಪಿ ಕೇಳಿದಳು.

"ನೀನು ಸೂಜಿ ಕೊಡ್ಲೇ ಇಲ್ಲ."

ಮರಿ ದೂರುತ್ತಿರಲಿಲ್ಲ, ಇದ್ದದ್ದು ಹೇಳಿದಳು ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ ಮಗನೋ ಮಗಳೋ ಇದ್ದರೆ, ನಾಳೆ ಬೆಳಿಗ್ಗೆ ಅವರ ಒಂದು ಕೆಲಸದಿಂದ ನಿಮ್ಮ ಕೈ ಹಿಂದೆಗೆಯಿರಿ. ತಡವಾಗಲಿ, ತಪ್ಪಾಗಲಿ, ಅವರೇ ಮಾಡಲಿ. ಹತ್ತಿರದ ವಿಶೇಷ ಶಾಲೆಯವರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಇಂದೇ ಕೇಳಿ. ನೀವು ಗಟ್ಟಿಯಾಗಿರುವಾಗಲೇ ಸೂಜಿ ಅವರ ಕೈಗೆ ಕೊಡಿ.