ಬಳಪದ ಕಲ್ಲಿನ ಕಟ್ಟೆ

ಅಡುಗೆಮನೆಗೆ ಬಳಪದ ಕಲ್ಲಿನ ಕಟ್ಟೆ ಹಾಕಿಸಿ ತಿಂಗಳಾಗಿತ್ತು. ಕಲ್ಲಿನ ಕೆಲಸದವನು ಹೋಗುವಾಗ, "ಒಲೆಯಿಂದ ಇಳಿಸಿದ್ದನ್ನ ನೇರ ಇದರ ಮೇಲೇ ಇಡಿ ಅಮ್ಮಾ. ಬಿರುಕು ಬಿಡಲ್ಲ, ಕಲೆ ಹೀರಲ್ಲ. ಗೀರು ಬಿದ್ರೆ ಪಾಲಿಶ್ ಪೇಪರ್ ಆಡಿಸಿ ಎಣ್ಣೆ ಸವರಿದ್ರಾಯ್ತು," ಎಂದು ಹೇಳಿಯೇ ಹೋಗಿದ್ದ. ಆದರೂ ಆ ಕಪ್ಪು ನುಣುಪಿನ ಮೇಲೆ ನೀರಿನ ಲೋಟ ಕಂಡರೂ ಅತ್ತೆಗೆ ಜೀವ ಹಾರುತ್ತಿತ್ತು. "ಅದೇನು ಅಟ್ಟವಾ, ಕಂಡಿದ್ದೆಲ್ಲ ಪೇರಿಸೋಕೆ?" ಎಂದು ಸೊಸೆಯನ್ನು ಕುಟುಕುತ್ತಿದ್ದಳು.

ಆ ಬೆಳಿಗ್ಗೆ ಸೊಸೆ ಉಕ್ಕಿಬಂದ ಹಾಲಿನ ಪಾತ್ರೆಯನ್ನು ಇಳಿಸುವಾಗ ಹಿಡಿದ ಬಟ್ಟೆ ಜಾರಿ, ಕಾದ ಅಂಚು ಬೆರಳಿಗೆ ಹತ್ತಿತು. ಎದುರಿಗೇ ಮಾರುದ್ದದ ಕಟ್ಟೆ ಖಾಲಿ ಬಿದ್ದಿತ್ತು. ಅವಳು ಮಾತ್ರ ಹಲ್ಲು ಕಚ್ಚಿಕೊಂಡು, ಮೂಲೆಯ ಮರದ ಮಣೆಯವರೆಗೆ ನಾಲ್ಕು ಹೆಜ್ಜೆ ನಡೆದು, ಅಲ್ಲಿ ಪಾತ್ರೆ ಇಟ್ಟಳು.

ಬಾಗಿಲಲ್ಲಿದ್ದ ಅತ್ತೆ ಓಡಿಬಂದು ಸೊಸೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದಾಗ ಎರಡು ಬೆರಳ ಮೇಲೆ ಬೊಬ್ಬೆಗಳು ಎದ್ದಿದ್ದವು.

"ಎದುರಿಗೇ ಇತ್ತಲ್ಲೇ ಕಟ್ಟೆ. ಅದರ ಮೇಲೆ ಇಡಬಾರದಿತ್ತಾ, ಹುಚ್ಚಿ?"

"ನೀವು ಬಾಗಿಲಲ್ಲಿ ನಿಂತಿದ್ದು ಕಂಡೆ, ಅತ್ತೆ."

ಬೆಂಕಿಗಿಂತ ಹೆಚ್ಚಾಗಿ ತನಗೆ ಹೆದರುವ ಜೀವವೊಂದು ಈ ಮನೆಯಲ್ಲಿದೆಯೆಂದು ಅತ್ತೆ ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೊಂದು ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ತಪ್ಪಲೆಯನ್ನು ಎತ್ತಿತಂದು, ಸೊಸೆ ನೋಡುತ್ತಿದ್ದಂತೆಯೇ ಕಟ್ಟೆಯ ನಟ್ಟನಡುವೆ ಇಟ್ಟಳು. ಕಲ್ಲಿಗೆ ಏನೂ ಆಗಲಿಲ್ಲ.