ನೂರೆಂಟು ಪೌಂಡು, ಎಪ್ಪತ್ತಮೂರು ಕಿಲೋ

ನಾನು ದಪ್ಪಗಾದದ್ದನ್ನು ಕಂಡು ಖುಷಿಪಡದವಳು ಇಡೀ ದಾಂಡೇಲಿಯಲ್ಲಿ ಒಬ್ಬಳೇ, ಅದು ನಾನು. ಉಳಿದವರಿಗೆಲ್ಲ ಹಬ್ಬ. ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕೊಡ ಹಿಡಿದು ನಳದ ಹತ್ತಿರ ಹೋದರೆ ಸಾಕು, ಯಾರಾದರೊಬ್ಬರು ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನನ್ನ ರಟ್ಟೆ ಅಮುಕಿ ನೋಡುವವರೇ. "ಶಿವಗಂಗವ್ವಾ, ಮೈ ಹತ್ತೇತಿ ನೋಡ. ಈಗ ಹೆಣ್ಮಗಳ ಕಂಡಂಗ ಕಾಣ್ತಿ." ಈ ಮೈಯನ್ನು ಹೊತ್ತುಕೊಂಡು ಒಂದು ದಿನ ಬಚ್ಚಲು ತಿಕ್ಕಿ ನೋಡಲಿ, ಆಮೇಲೆ ಹೇಳಲಿ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮಗಳು ಮಾಲವ್ವ ಐದು ತಿಂಗಳ ಕೂಸಿದ್ದಾಗ ನನಗೆ ತಲೆ ಕೆಟ್ಟಿತು. ಬಾಣಂತನ ಮುಗಿಸಿ ಹಳಿಯಾಳದ ಅತ್ತೆಯ ಮನೆಯಲ್ಲಿದ್ದೆ. ರೊಟ್ಟಿಯಲ್ಲಿ ಏನೋ ಹಾಕಿದ್ದಾರೆ ಅನ್ನಿಸಿ ಉಣ್ಣುವುದು ಬಿಟ್ಟೆ. ನಿದ್ದೆ ಹೋಯಿತು. ಒಂದು ನಸುಕಿನಲ್ಲಿ ಎದ್ದು ನಡೆದುಬಿಟ್ಟೆ. ಮೂರನೆಯ ದಿನ ಜೊಯಿಡಾ ದಾರಿಯ ಅಡವಿಯಲ್ಲಿ ಬಿದಿರು ಕಡಿಯುವವರಿಗೆ ಸಿಕ್ಕೆನಂತೆ. ಅಲ್ಲಿಂದ ಧಾರವಾಡದ ಆಸ್ಪತ್ರೆ, ನಾಲ್ಕು ತಿಂಗಳು. ಸೇರಿಸಿಕೊಂಡ ದಿನ ನನ್ನನ್ನು ತೂಗಿ ಚೀಟಿ ಬರೆದುಕೊಟ್ಟರು: ನೂರೆಂಟು ಪೌಂಡು.

ಕಂದು ಬಣ್ಣದ ಮಾತ್ರೆ ಕೊಟ್ಟರು. ಬುದ್ಧಿ ತಿರುಗಿ ಬಂತು. ಬುದ್ಧಿಯ ಜೊತೆಗೆ ಈ ಮೈಯೂ ಬಂತು. ಮಾತ್ರೆ ತಗೊಂಡರೆ ಬಾಯಿ ಒಣಗುತ್ತದೆ, ಹಸಿವು ತೀರುವುದೇ ಇಲ್ಲ, ಬೆಳಗ್ಗೆ ಹತ್ತು ಹೊಡೆದರೂ ಕಣ್ಣು ಎಳೆಯುತ್ತಿರುತ್ತದೆ. ಬಳೆಗಾರ ನನ್ನ ಹಳೆ ಬಳೆ ಒಡೆದು ತೆಗೆದ. ಕುಪ್ಪಸ ನಾಲ್ಕು ಸಲ ಬಿಚ್ಚಿ ಹೊಲಿಸಿದೆ, ಐದನೆಯ ಸಲ ಹೊಲಿಯುವವನೇ ಹೊಸ ಅರಿವೆ ತನ್ನಿ ಅಂದ.

ಆಸ್ಪತ್ರೆಯಿಂದ ನಾನು ದಾಂಡೇಲಿಗೆ, ಗಂಡನ ಕ್ವಾರ್ಟರ್ಸಿಗೆ ಬಂದೆ. ಕೂಸು ಮಾತ್ರ ಹಳಿಯಾಳದಲ್ಲೇ ಉಳಿಯಿತು. "ನೀ ಪೂರಾ ಆರಾಮ ಆಗು, ಆಮ್ಯಾಲ ಕಳಸ್ತೇನಿ" ಎಂದು ಅತ್ತೆ ಕಾಶೆವ್ವ ಹೇಳಿದ್ದರು. ಆರಾಮಾಗುವುದು ಅಂದರೆ ಅವರ ಲೆಕ್ಕದಲ್ಲಿ ಎರಡೇ ಗುರುತು. ಊಟಕ್ಕೆ ನಾಲ್ಕು ರೊಟ್ಟಿ ತಿನ್ನಬೇಕು, ಹೊಸ್ತಿಲೊಳಗೆ ಕುಂಡ್ರಬೇಕು. ಎರಡನ್ನೂ ಮಾಡಿದೆ. ಕೊನೆಗೆ ಬರುವ ಯುಗಾದಿಗೆ ಕೂಸನ್ನು ಬಿಡುತ್ತೇನೆ ಎಂದು ಮಾತು ಕೊಟ್ಟರು.

ಅಷ್ಟರಲ್ಲಿ ದೀಪಾವಳಿ ಬಂತು. ಹಳಿಯಾಳಕ್ಕೆ ಹೋಗಿದ್ದೆವು. ನಾನು ಪಡಸಾಲೆಯಲ್ಲಿ ಕಾಲು ಮಡಚಿ ಕುಳಿತಿದ್ದೆ, ಮಾಲವ್ವ ಅಂಗಳದಲ್ಲಿ ಆಡುತ್ತಿದ್ದಳು. ಓಣಿಯಲ್ಲಿ ಎತ್ತಿನ ಬಂಡಿಯೊಂದು ಬಂತು, ಕೂಸು ಎತ್ತು ನೋಡಲು ಅದರ ಮುಂದೆಯೇ ಓಡಿತು. ನಾನು ಏಳಬೇಕೆಂದೆ. ಒಂದು ಕೈ ನೆಲಕ್ಕೆ ಊರಿದೆ, ಇನ್ನೊಂದು ಊರಿದೆ, ಎದ್ದು ನಿಲ್ಲುವಷ್ಟರಲ್ಲಿ ಅರವತ್ತು ದಾಟಿದ ಅತ್ತೆ ಒಳಗಿನಿಂದ ಓಡಿಬಂದು ಕೂಸನ್ನು ಎಳೆದುಕೊಂಡಾಗಿತ್ತು. ದಾಂಡೇಲಿಯಲ್ಲಿ ನಮ್ಮ ಬಾಗಿಲ ಮುಂದೆ ದಿನಕ್ಕೆ ಐವತ್ತು ಬಿದಿರಿನ ಲಾರಿ ಹೋಗುತ್ತವೆ. ಕೂಸು ಬಂದರೆ ಅದರ ಹಿಂದೆ ಓಡುವವರು ಯಾರು?

ಮಾತ್ರೆಯನ್ನೇ ಬಿಟ್ಟರೆ ಮೈ ಇಳಿದೀತು ಎಂದು ಯಾರಿಗೂ ಹೇಳದೆ ಒಂದು ವಾರ ಬಿಟ್ಟು ನೋಡಿದೆ. ಐದನೆಯ ದಿನ ನಿದ್ದೆ ಬರಲಿಲ್ಲ. ಆರನೆಯ ದಿನ ಪಕ್ಕದ ಮನೆಯವರು ಗೋಡೆಯಾಚೆ ನನ್ನ ಹೆಸರು ಹೇಳಿದ ಹಾಗಾಯಿತು. ಹೆದರಿ ನಾನೇ ಡಬ್ಬಿ ಹುಡುಕಿ ಮಾತ್ರೆ ನುಂಗಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ಧಾರವಾಡದ ಡಾಕ್ಟರಿಗೆ ಎಲ್ಲ ಹೇಳಿದೆ. "ಮಾತ್ರಿ ಬಿಡಬ್ಯಾಡ್ರಿ. ಎರಡು ರೊಟ್ಟಿ ಕಮ್ಮಿ ಮಾಡ್ರಿ, ದಿನಾ ಒಂದು ತಾಸು ನಡೀರಿ. ಬಿಸಿಲಿಗಿ ಮಾತ್ರ ಹೋಗಬ್ಯಾಡ್ರಿ, ಈ ಮಾತ್ರಿಗಿ ಮೈ ಸುಡತೈತಿ" ಎಂದರು. ಬಿಸಿಲು ಬೇಡವೆಂದರೆ ಉಳಿಯುವುದು ನಸುಕು. ಉಣ್ಣುವುದು ಕಡಿಮೆ ಮಾಡಬೇಕು, ನಸುಕಿನಲ್ಲಿ ಎದ್ದು ನಡೆಯಬೇಕು. ಹುಚ್ಚು ಹಿಡಿದಾಗ ನಾನು ಮಾಡಿದ್ದೂ ಇದೇ ಎರಡು ಕೆಲಸ. ಇದನ್ನು ಯಾರಿಗೆ ಹೇಗೆ ತಿಳಿಸಿ ಹೇಳಲಿ?

ಮೊದಲು ಗಂಡನಿಗೆ ಹೇಳಿದೆ. ಅಂದಾನೆಪ್ಪ ಒಳ್ಳೆಯ ಮನುಷ್ಯ, ಅದೇ ನನ್ನ ಕರ್ಮ. ಆಸ್ಪತ್ರೆಯಿಂದ ಬಿಡುವಾಗ ಯಾರೋ ಅವನಿಗೆ "ಛಲೋತ್ನಂಗ ಉಣ್ಣಾಕ ಹಾಕ್ರಿ" ಎಂದಿದ್ದರು, ಅದೊಂದು ಮಾತು ಅವನ ತಲೆಯಲ್ಲಿ ಕುಳಿತಿತ್ತು. ಪ್ರತಿ ತಿಂಗಳು ಧಾರವಾಡಕ್ಕೆ ಮಾತ್ರೆ ತರಲು ಹೋದವನು ಜೊತೆಗೆ ಒಂದು ಸೇರು ಪೇಢೆಯನ್ನೂ ತರುತ್ತಿದ್ದ. ಪೇಢೆ ಬೇಡ ಎಂದರೆ ಮುಖ ಸಣ್ಣದು ಮಾಡುತ್ತಿದ್ದ. ಕಡೆಗೆ ಒಪ್ಪಿ, ಎಷ್ಟಿದ್ದೀ ನೋಡೋಣ ಎಂದು ಅವನೇ ನನ್ನನ್ನು ಅಂಬೇವಾಡಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಗೂಡ್ಸ್ ಗುಮಾಸ್ತನ ಕೈಕಾಲು ಹಿಡಿದು, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಎಪ್ಪತ್ತಮೂರು ಕಿಲೋ. ಚೀಟಿ ಬರೆಸಿಕೊಂಡು ಬಂದು ಆಸ್ಪತ್ರೆಯ ಚೀಟಿಯ ಪಕ್ಕದಲ್ಲಿ ಗೋಡೆಯ ಮಾಡದಲ್ಲಿಟ್ಟೆ.

ನಡೆಯತೊಡಗಿದೆ. ಕ್ವಾರ್ಟರ್ಸಿನಿಂದ ಅಂಬೇವಾಡಿಗೆ ಹೋಗಿ ಬಂದರೆ ನಾಲ್ಕು ಮೈಲಿ. ಮೊದಲ ದಿನ ಅರ್ಧ ದಾರಿಗೇ ಏದುಸಿರು ಬಂದು ಸಾಗವಾನಿ ಮರ ಹಿಡಿದು ನಿಂತೆ. ತೊಡೆ ತೊಡೆ ಉಜ್ಜಿ ಉರಿದವು. ಮಾತ್ರೆಯ ಜೊಂಪು ಬೇರೆ, ಕಣ್ಣು ಬಿಡಿಸಿಕೊಳ್ಳಲು ತಣ್ಣೀರು ಎರಚಿಕೊಂಡು ಹೊರಡುತ್ತಿದ್ದೆ. ತಿಂಗಳ ಮೇಲೆ ನಿಲ್ಲದೆ ಹೋಗಿ ಬರುವಷ್ಟಾಯಿತು. ಸಂಕ್ರಾಂತಿಯ ಹೊತ್ತಿಗೆ ನೆಲಕ್ಕೆ ಕೈ ಊರದೆ ಏಳುತ್ತಿದ್ದೆ. ಆ ಖುಷಿಯನ್ನು ಹಂಚಿಕೊಳ್ಳಲು ಒಬ್ಬರೂ ಇರಲಿಲ್ಲ.

ಪಕ್ಕದ ಮನೆಯ ಸಕ್ಕುಬಾಯಿ ಇದ್ದಳಲ್ಲ. ಬೆಳಗಾವಿ ಕಡೆಯವಳು, ನಾಲ್ಕನೆಯ ಇಯತ್ತೆ ಓದಿದವಳು, ಆ ನಾಲ್ಕು ಇಯತ್ತೆಯ ಸೊಕ್ಕು ಕಾಲೇಜು ಕಲಿತವರಿಗೂ ಇರಲಿಕ್ಕಿಲ್ಲ. ಸಕ್ಕರೆ ಕೇಳಲು ಬಂದವಳು ಮಾಡದಲ್ಲಿದ್ದ ಚೀಟಿಗಳನ್ನು ಓದಿದಳು. ಮೊದಲು ನೂರೆಂಟು, ಈಗ ಎಪ್ಪತ್ತಮೂರು. ಎದೆ ಹಿಡಿದುಕೊಂಡಳು.

"ಅಗ ಬಾಯಿ, ಮೂವತ್ತೈದ ಇಳದೀಯಲ್ಲ."

"ಸಕ್ಕುಬಾಯಿ, ಅದು ಪೌಂಡು, ಇದು ಕಿಲೋ. ನನ್ನ ಮೈ ನೋಡ, ಇಳದಂಗ ಕಾಣತೈತೇನು?"

"ಇದ ಮೈ ಅಲ್ಲವಾ, ಬಾವು. ಒಳಗ ಏನೂ ಉಳದಿಲ್ಲ. ನಸಕಿನ್ಯಾಗ ಹೋಗೂದನ್ನ ನಾ ದಿನಾ ನೋಡ್ತೇನಿ. ನಿಮ್ಮತ್ತಿಗಿ ತಿಳಿಸೂದು ನನ್ನ ಧರ್ಮ."

ಧರ್ಮ ಮಾಡಿಯೇ ಬಿಟ್ಟಳು. ಹಳಿಯಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಹೋಯಿತು: ಸೊಸಿ ಊಟ ಬಿಟ್ಟಾಳ, ಮತ್ತ ನಡ್ಯಾಕ ಹತ್ತ್ಯಾಳ, ಮೂವತ್ತೈದ ಇಳದಾಳ. ಮರುದಿನವೇ ಅತ್ತೆ ಒಂದು ಡಬ್ಬಿ ಉಂಡಿ, ಟೊಂಕದ ಮೇಲೆ ಮಾಲವ್ವ, ಇಷ್ಟರೊಂದಿಗೆ ಬಂದಿಳಿದರು. ಕೂಸು ಅವರ ಕುತ್ತಿಗೆ ತಬ್ಬಿಕೊಂಡು ನನ್ನನ್ನು ನೋಡಿತು. ಅವರು ಅದಕ್ಕೆ ಅವ್ವ, ನಾನು ದಾಂಡೇಲಿ ಅವ್ವ.

ನಾನು ಚೀಟಿ ಎರಡನ್ನೂ ತಂದು ತಿಳಿಸಿದೆ. ಒಂದು ಕಿಲೋ ಅಂದರೆ ಎರಡು ಪೌಂಡಿಗೂ ಹೆಚ್ಚು, ಸರಕಾರ ಹೊಸ ತೂಕ ತಂದಿದೆ ಎಂದೆ. ಅಂಗಡಿಯಿಂದ ಕಿಲೋ ಕಲ್ಲು ತರಿಸಿ ತೋರಿಸಲೇ ಎಂದೆ.

"ಎರಡೂ ನಿನ್ನ ತೂಕನ ಹೌದಿಲ್ಲ?" ಎಂದರು.

"ಹೌದ್ರಿ."

"ನೂರೆಂಟ ದೊಡ್ಡದೋ, ಎಪ್ಪತ್ತಮೂರ ದೊಡ್ಡದೋ?"

ನಾನು ಹಣೆ ಹಣೆ ಬಡಿದುಕೊಂಡೆ. ಅದನ್ನು ಕಂಡು ಅವರಿಗೆ ಇನ್ನೂ ಖಾತ್ರಿಯಾಯಿತು.

ಊಟಕ್ಕೆ ಕುಳಿತರೆ ಎದುರಿಗೇ ಕುಳಿತು ರೊಟ್ಟಿ ಎಣಿಸಿದರು. ಎರಡಕ್ಕೆ ಸಾಕೆಂದಾಗ ಮೂರನೆಯದಕ್ಕೆ ಬೆಣ್ಣೆ ಸವರಿ ಹಾಕಿದರು. ಸೋಮವಾರ ಉಪವಾಸ ಎಂದು ತಪ್ಪಿಸಿಕೊಳ್ಳಲು ನೋಡಿದರೆ ಸಾಬುದಾಣಿ, ಶೇಂಗಾ, ಬೆಲ್ಲ, ತುಪ್ಪ ಎಲ್ಲ ಕಲಸಿ ರೊಟ್ಟಿಯ ಮುಪ್ಪಟ್ಟು ತಿನ್ನಿಸಿದರು. ನಾನು ತಟ್ಟೆ ಸರಿಸಿ ಎದ್ದೆ. ಅಷ್ಟೇ ಸಾಕಾಯಿತು ಅವರಿಗೆ.

"ಯುಗಾದಿಗಿ ಕೂಸಿನ್ನ ಬಿಡೂದು ಆಗೂದುಲ್ಲ," ಎಂದು ಮಗನಿಗೆ ಹೇಳಿದರು. "ಬುಧವಾರ ಬಸ್ಸಿಗಿ ಹೊಳ್ಳಿ ಕರಕೊಂಡ ಹೋಗ್ತೇನಿ. ನೀನೂ ಆಕಿನ್ನ ಧಾರವಾಡಕ್ಕ ಒಯ್ದ ತೋರ್ಸು."

ಅಂದಾನೆಪ್ಪ ನನ್ನನ್ನು ಹಿತ್ತಲಿಗೆ ಕರೆದ. "ಎರಡ ದಿನ ನಡ್ಯಾಕ ಹೋಗಬ್ಯಾಡ. ನಾಕ ರೊಟ್ಟಿ ತಿಂದ್ಬಿಡ. ಕೂಸ ಕೈಗಿ ಬಂದಮ್ಯಾಲ ಬೇಕಾದ್ದ ಮಾಡಕೋ."

"ಆಮ್ಯಾಲ ಒಂದಿನಾ ಮೂರ ತಿಂದ್ನೆಪಾ, ಆವಾಗ? ಮತ್ತ ಬಂದ ಕೂಸಿನ್ನ ಎತಗೊಂಡ ಹೋಗ್ತಾರ. ಜೀವ ಇರೂತನಕ ರೊಟ್ಟಿ ಎಣಿಸಿ ಶ್ಯಾಣ್ಯಾಕಿ ಅನಸ್ಕೋಬೇಕೇನ ನಾ?"

ಅವನು ಕಾರ್ಖಾನೆಯ ಪಾಳಿಗೆ ಹೊರಟುಹೋದ.

ಮಂಗಳವಾರ ನಸುಕಿನಲ್ಲಿ ಎಂದಿನಂತೆ ಹೊರಟೆ. ಕೂಸು ಹೋಗುತ್ತದೆ ಎಂಬ ಸಂಕಟಕ್ಕೆ ಕಾಲು ತಾವಾಗಿ ಬಿರುಸಾದವು. ಕಾರ್ಖಾನೆಯ ಗೋಡೆ ಮುಗಿದು ಮರಗಳು ಶುರುವಾದ ಮೇಲೆ ಹಿಂದೆ ಯಾರೋ ಕೆಮ್ಮಿದರು. ತಿರುಗಿದೆ. ಅತ್ತೆ. ಬರಿಗಾಲು, ಸೀರೆ ಮೊಣಕಾಲಿಗೆ ಸಿಕ್ಕಿಸಿದ್ದಾರೆ, ಟೊಂಕದ ಮೇಲೆ ನಿದ್ದೆಗಣ್ಣಿನ ಮಾಲವ್ವ. ಸಿಟ್ಟು ನೆತ್ತಿಗೇರಿತು.

"ಯಾಕ ಬೆನ್ನ ಹತ್ತೀರಿ? ನಾ ಏನ ಕಳ್ಳಿ ಏನು?"

ಅವರು ಏದುಸಿರು ಬಿಡುತ್ತಿದ್ದರು. ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕುಸಿದು ಕುಳಿತರು. ಕೂಸನ್ನು ಮಾತ್ರ ಬಿಡಲಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ನನ್ನ ಮುಖ ನೋಡದೆ ಮಾತಾಡಿದರು.

"ಆವತ್ತ ಹಳಿಯಾಳದಾಗ ನೀ ಹೊಂಟಿದ್ದನ್ನ ನಾ ನೋಡಿದ್ದೆ."

ಜಾರುತ್ತಿದ್ದ ಕೂಸನ್ನು ಮೇಲೆಳೆದುಕೊಂಡು ಮುಂದುವರಿಸಿದರು.

"ಅಂಗಳದಾಗ ಸಗಣಿ ಬಳ್ಯಾಕತ್ತಿದ್ದೆ. ನನ್ನ ಮುಂದನ ಹಾದ ಹೋದಿ. ಕೈಯಾಗ ಕೊಡ ಇರಲಿಲ್ಲ, ತಂಬಿಗಿ ಇರಲಿಲ್ಲ. ಕರೀಬೇಕಿತ್ತು. ಕರೀಲಿಲ್ಲ. ಎಂಟ ದಿನದಿಂದ ನಿದ್ದಿ ಇರಲಿಲ್ಲ ನನಗ, ನಿನ್ನ ಚೀರಾಟ, ಕೂಸಿನ ಅಳು. ಹೋದ್ರ ಹೋಗ್ಲಿ ಪೀಡಾ ಅನಿಸ್ತು. ಆಮ್ಯಾಲ ಮೂರ ದಿನಾ ಎಲ್ಲಾರ ಮುಂದ ನಾ ನೋಡೇ ಇಲ್ಲ ಅಂದೆ. ಅಂದಾನೆಪ್ಪಗೂ ಹಂಗ ಹೇಳೇನಿ."

ಕರುಣೆ ಬಂತು ಎಂದು ಹೇಳಿದರೆ ಸುಳ್ಳಾದೀತು. ಮೊದಲು ಬಂದದ್ದು ಸಿಟ್ಟೇ. ಎರಡು ವರ್ಷ ನನ್ನ ತುತ್ತು ಎಣಿಸಿದ್ದು, ಬಾಗಿಲು ಕಾದದ್ದು ನನ್ನ ಹುಚ್ಚಿಗಲ್ಲ, ತಮ್ಮ ಹೆದರಿಕೆಗೆ. ಅಲ್ಲೇ ಬಿಟ್ಟು ನಡೆದುಬಿಡೋಣ ಅನ್ನಿಸಿತು. ಆದರೆ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಒಂದೂವರೆ ಮೈಲಿ ಕೂಸನ್ನು ಹೊತ್ತು, ನನ್ನ ಬಿರುಸು ನಡಿಗೆಗೆ ಸಮನಾಗಿ ಬಂದಿದ್ದರು. ಈ ಸಲ ಅವರು ಹಿಂದೆ ಉಳಿದಿರಲಿಲ್ಲ.

"ನೀವ ಕರದಿದ್ರೂ ನಾ ಹೊಳ್ಳಿ ಬರ್ತಿದ್ದಿಲ್ಲರಿ ಅತ್ತಿ," ಎಂದೆ. ಅದು ಖರೆಯೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಏಳಲು ನೋಡಿದರು, ಮೊಣಕಾಲು ನೆಟ್ಟಗಾಗಲಿಲ್ಲ. ನಾನು ಕೈ ಚಾಚಿದೆ. ಅವರು ನನ್ನ ಕೈಯನ್ನೊಮ್ಮೆ ನೋಡಿ ಕೂಸನ್ನು ಕೊಟ್ಟರು. ಮಾಲವ್ವ ರಾಗ ತೆಗೆದಳು, ಆಮೇಲೆ ನಿದ್ದೆಯೇ ಹೆಚ್ಚಾಗಿ ನನ್ನ ಹೆಗಲ ಮೇಲೆ ತಲೆ ಹಾಕಿದಳು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಅತ್ತೆಯ ರಟ್ಟೆ ಹಿಡಿದು ಏರು ಹತ್ತಿದೆ. ದಾರಿಯುದ್ದಕ್ಕೂ ಅವರು ನನ್ನ ಉಸಿರನ್ನು ಆಲಿಸುತ್ತಿದ್ದರು. ಏದುಸಿರು ಬರಲಿಲ್ಲ. ಮನೆ ಮುಟ್ಟಿದಾಗ ಸಕ್ಕುಬಾಯಿ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು, ನಾನು ಅವಳ ಕಡೆ ನೋಡಲಿಲ್ಲ.

ಮಧ್ಯಾಹ್ನ ಎರಡು ರೊಟ್ಟಿಗೆ ಕೈ ತೊಳೆದೆ, ಮೂರನೆಯದನ್ನು ಅತ್ತೆ ಕೈಯಲ್ಲಿ ಹಿಡಿದುಕೊಂಡೇ ಕುಳಿತು ಕೊನೆಗೆ ಬುಟ್ಟಿಗೆ ಹಾಕಿದರು. ಸಂಜೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅಂದರು: "ನಾಳಿಗಿ ನಿನ್ನ ಹಿಂದ ಬರಾಕ ನನ್ನ ಕೈಲೆ ಆಗೂದುಲ್ಲ. ನೀ ಹೋಗು. ಕೂಸಿನ್ನೂ ಕರಕೊಂಡ ಹೋಗು."

ಬುಧವಾರ ನಸುಕಿನಲ್ಲಿ ಎದ್ದೆ. ಬಸ್ಸಿಗೆಂದು ಗಂಟು ಕಟ್ಟಿಟ್ಟಿರಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೌದಿ ಹೊದ್ದು ಮಲಗಿದ್ದರು. ಕೌದಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ನಿದ್ದೆಯಲ್ಲಿರುವವರು ಹಾಗೆ ಹಿಡಿಯುವುದಿಲ್ಲ. ಅವರ ಬಗಲಿನಿಂದ ಮಾಲವ್ವಳನ್ನು ಎತ್ತಿ ಟೊಂಕದ ಮೇಲೆ ಇಟ್ಟುಕೊಂಡೆ. ಚಿಲಕ ತೆಗೆದೆ, ಸಪ್ಪಳವಾಯಿತು. ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು ನೋಡಿದೆ. ಅತ್ತೆ ಏಳಲಿಲ್ಲ.