ಕಪಾಟು ಸೇರಿದ ಕೈಗವಸು

ಬಾಗೇವಾಡಿಯ ವಿಜ್ಞಾನ ಮೇಳದಲ್ಲಿ ಪದಕ ಬಂದ ಮಾರನೆಯ ದಿನವೇ ಸುವರ್ಣಾ ಮಾಡಿದ ಕೈಗವಸನ್ನು ಪ್ರಾಂಶುಪಾಲರ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಸಿಂದಗಿಯ ಖಾಸಗಿ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಅವಳಿಗೆ ಅದು ತಿಳಿದದ್ದು ಜವಾನನಿಂದ.

ಲಕ್ವಾ ಹೊಡೆದು ಮುಷ್ಟಿ ಬಿಗಿದುಕೊಂಡ ಕೈಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಮಡಚಿ, ಮತ್ತೆ ಬಿಡಿಸುವ ಯಂತ್ರ ಅದು. ದೊಡ್ಡ ಆಸ್ಪತ್ರೆಗಳಲ್ಲಿರುವಂಥದ್ದು ಇಲ್ಲಿಯವರ ಕೈಗೆಟುಕುವುದಿಲ್ಲವೆಂದು ಅವಳು ಆಟಿಕೆಯ ಮೋಟರು, ಸೈಕಲ್ಲಿನ ಬ್ರೇಕ್ ತಂತಿ, ಬೈಕಿನವರು ಹಾಕಿಕೊಳ್ಳುವ ಕೈಗವಸು, ಇಷ್ಟರಲ್ಲೇ ಹೊಂದಿಸಿದ್ದಳು. ತಂತಿ ಎಳೆಯುವ ಪುಟ್ಟ ಗಾಲಿಗಳನ್ನು ಮಾಡಿಕೊಟ್ಟವನು ಪಂಪ್‌ಸೆಟ್ ರಿಪೇರಿಯ ಜುಲ್ಫಿಕರ. ಹಾಕಿಕೊಂಡು ನೋಡಿದವನು ಆಲಮೇಲದ ಮಾಳಿಂಗರಾಯ, ಮೂವತ್ತು ವರ್ಷ ಕುರಿಗಳ ಉಣ್ಣೆ ಕತ್ತರಿಸಿದ ಮನುಷ್ಯ.

ಮೊದಲ ಯಂತ್ರ ನಾಲ್ಕೇ ಬೆರಳುಗಳನ್ನು ಎಳೆಯುತ್ತಿತ್ತು. ಮಾಳಿಂಗರಾಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆಬ್ಬೆಟ್ಟು ಬಿಟ್ರ ನಾ ಕತ್ರಿ ಹೆಂಗ ಹಿಡೀಲಿ, ಅಕ್ಕಾರ?" ಎಂದು ಕೇಳಿದ್ದ. ಸುವರ್ಣಾಗೆ ನಾಚಿಕೆಯಾಯಿತು. ಆ ಒಂದು ಬೆರಳಿಗಾಗಿ ಎಲ್ಲ ಬಿಚ್ಚಿ, ಎರಡು ತಿಂಗಳು ಕೂತು ಹೊಸದಾಗಿ ಕಟ್ಟಿದಳು. ಅದನ್ನು ದಿನಾ ಒಂದು ತಾಸು ಹಾಕಿಕೊಂಡ ಮಾಳಿಂಗರಾಯ ಎಂಟನೆಯ ವಾರ ಚಹಾದ ಲೋಟವನ್ನು ತಾನೇ ಎತ್ತಿದ.

ಮೇಳದ ವೇದಿಕೆಯ ಮೇಲೆ ಅವನನ್ನು ನಿಲ್ಲಿಸಿ, ಕೈ ಎತ್ತಿಸಿ, ಫೋಟೊ ತೆಗೆದರು. ಹೆಸರನ್ನು ಯಾರೂ ಕೇಳಲಿಲ್ಲ. ಪರದೆಯ ಮೇಲೆ ‘ರೋಗಿ ೧’ ಎಂದಷ್ಟೇ ಬಂತು.

ಪ್ರಾಂಶುಪಾಲ ದುಂಡೇಶ ಅವರು ಯಂತ್ರ ಕೊಡಲು ಒಪ್ಪಲಿಲ್ಲ. "ಅದು ಈಗ ಕಾಲೇಜಿನ ಆಸ್ತಿರಿ. ತಪಾಸಣಾಕ ಬರೂ ಮಂದಿಗಿ ತೋರಸಬೇಕು. ಈ ಕೋಣಿ ಬಿಟ್ಟು ಹೊರಗ ಹೋಗಂಗಿಲ್ಲ" ಎಂದರು. ಬಳಸುವುದು ನಿಂತರೆ ಬೆರಳು ಮತ್ತೆ ಬಿಗಿಯುತ್ತವೆ ಎಂದು ಅವಳು ಬಿಡಿಸಿ ಹೇಳಿದಳು. ಹಾಗಿದ್ದರೆ ಇನ್ನೊಂದು ಮಾಡಿಕೊಳ್ಳಿ ಎಂದರು. ಇನ್ನೊಂದಕ್ಕೆ ಎರಡು ತಿಂಗಳು ಬೇಕು. ಅಷ್ಟು ದಿನ ಆ ಕೈ ಕಾಯುವುದಿಲ್ಲ. ಅವರು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದರು.

ಮೂರು ವಾರದ ಮೇಲೆ ಅವಳು ಆಲಮೇಲಕ್ಕೆ ಹೋದಾಗ, ಮಾಳಿಂಗರಾಯನ ಹೆಂಡತಿ ಕಾಶಿಬಾಯಿ ಗಂಡನ ಕೈಯನ್ನು ಬಿಸಿನೀರಲ್ಲಿಟ್ಟು, ಅಂಗೈ ತೊಳೆಯಲು ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದಳು. ಮಾಳಿಂಗರಾಯ ತಲೆ ಎತ್ತದೆ ಕೇಳಿದ: "ಮೇಳದಾಗ ನನ್ನಿಂದ ಏನರೆ ತಪ್ಪಾತೇನ್ರಿ?"

ಸುವರ್ಣಾಳ ಮೈಯೆಲ್ಲ ಉರಿಯಿತು. ಕಸಿದುಕೊಂಡವರು ನೆಮ್ಮದಿಯಿಂದಿದ್ದಾರೆ, ಕಳೆದುಕೊಂಡವನು ತನ್ನಲ್ಲೇ ತಪ್ಪು ಹುಡುಕುತ್ತಿದ್ದಾನೆ.

ಮರುದಿನ ಮುಂಜಾನೆಯ ಬಸ್ಸಿಗೆ ಅವನನ್ನು ಸಿಂದಗಿಗೆ ಕರೆತಂದು ನೇರ ಪ್ರಾಂಶುಪಾಲರ ಕೋಣೆಗೇ ನಡೆದಳು. ಪ್ರವೇಶಕ್ಕೆ ಬಂದ ಪಾಲಕರು ನಾಲ್ಕಾರು ಮಂದಿ ಕೂತಿದ್ದರು.

"ಸರ್, ಯಂತ್ರ ಈ ಕೋಣಿ ಬಿಟ್ಟು ಹೋಗಬಾರದು ಅಂದಿದ್ರಿ. ಅದಕ್ಕ ಕೈನ ಇಲ್ಲಿಗಿ ತಂದೇನಿ. ಕೀಲಿ ತಗೀರಿ."

ಅಷ್ಟು ಜನರೆದುರು ಇಲ್ಲವೆನ್ನಲಾಗಲಿಲ್ಲ. ಒಂದು ತಾಸು ಮೋಟರು ಗುಂಯ್‌ಗುಟ್ಟಿತು. ಮರುದಿನವೂ ಬಂದರು, ಅದರ ಮರುದಿನವೂ. ನಾಲ್ಕನೆಯ ದಿನ ಆಡಳಿತ ಮಂಡಳಿಯವರೊಬ್ಬರು ಇವರು ಯಾರೆಂದು ಕೇಳಿದರು. ಸುವರ್ಣಾ ಬಾಯಿ ತೆರೆಯುವ ಮೊದಲೇ ಮಾಳಿಂಗರಾಯ ತನ್ನ ಹೆಸರು, ಊರು, ಕಸುಬು ಎಲ್ಲ ಹೇಳಿ, ಹೆಬ್ಬೆಟ್ಟಿನ ತಂತಿ ತಾನೇ ಹಾಕಿಸಿದ್ದೆಂದ.

ಐದನೆಯ ದಿನ ದುಂಡೇಶ ಅವರು ಕೀಲಿಯನ್ನು ಮೇಜಿನ ಮೇಲೆ ತಳ್ಳಿದರು. ಜೊತೆಗೊಂದು ಕಾಗದ: ಯಂತ್ರವನ್ನು ಕಾಲೇಜು ಕರುಣೆಯಿಂದ ಕೊಡುತ್ತಿದೆಯಂತೆ. ಸುವರ್ಣಾ ‘ಕರುಣೆಯಿಂದ’ ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿದಳು.

ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಯಂತ್ರದ ನಕ್ಷೆಯನ್ನೆಲ್ಲ ಜುಲ್ಫಿಕರನಿಗೆ ಕೊಟ್ಟು, ಯಾರು ಬಂದು ಕೇಳಿದರೂ ಮಾಡಿಕೊಡು ಎಂದಳು. ಶಿಸ್ತು ಮೀರಿದ್ದಕ್ಕೆ ವಿವರಣೆ ಕೇಳಿ ಕಾಲೇಜಿನಿಂದ ನೋಟಿಸು ಬಂತು. ಅದನ್ನು ಎರಡು ಸಲ ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಹೊರಟಳು. ಹೊರ್ತಿಯ ಹೆಂಗಸೊಬ್ಬಳ ಕೈಯ ಅಳತೆ ತೆಗೆದುಕೊಳ್ಳುವುದಿತ್ತು.